ದ್ವೀಂದ್ರಿಯ ಜೀವಿಯ ಕಣ್ಣು

ಜೀವಿಗಳನ್ನು ವಿಂಗಡಿಸುವ ಕ್ರಮದಲ್ಲಿ ವಿಂಗಡಿಸುವವನ ದೃಷ್ಟಿಯೂ ವ್ಯಕ್ತವಾಗುತ್ತದೆ. ಲಕ್ಷದ್ವೀಪ, ಅಂಡಮಾನ್ ಮೊದಲಾದೆಡೆಯ ಹವಳದ ದಿಬ್ಬಗಳಲ್ಲಿ ಬದುಕುವ ದೈತ್ಯ ಚಿಪ್ಪುಜೀವಿಗಳ ಕುಲಕ್ಕೆ ‘ಟ್ರೈಡಾಕ್ನಾ’ ಎಂದು ಹೆಸರು. ಈ ಕುಲದ ಅತಿ ದೊಡ್ಡ ಪ್ರಭೇದವು 200 ಕಿಲೋಗ್ರಾಂಗಿಂತ ಹೆಚ್ಚು ತೂಗಬಲ್ಲದು. ಲಿನ್ನೇಯಸ್ 1758ರಲ್ಲಿ ಅದನ್ನು ‘ಚಾಮಾ’ ಎಂಬ ಬೇರೆ ಕುಲಕ್ಕೆ ಸೇರಿಸಿದ್ದನು. 1797ರಲ್ಲಿ ಬ್ರೂಗಿಯೇರ್ ಈಗಿನ ಕುಲವನ್ನು ಸ್ಥಾಪಿಸಿದನು. ಬಹುಕಾಲ ಪ್ರತ್ಯೇಕ ಕುಟುಂಬವೆನಿಸಿದ್ದ ಈ ಬಳಗವನ್ನು ಈಗ ಕಾರ್ಡಿಯಿಡೇ ಕುಟುಂಬದ ಉಪಕುಟುಂಬವೆಂದು ಪರಿಗಣಿಸಲಾಗಿದೆ. ಹೆಸರಿನ ಅರ್ಥ ಮಾತ್ರ ವಿಚಾರಣೀಯ. ಗ್ರೀಕ್ ಮೂಲದಲ್ಲಿ ಅದು ‘ಮೂರು ಕಡಿತ’. ಮೂರು ಬಾರಿ ಕಚ್ಚದೆ ತಿಂದು ಮುಗಿಯದಂತಹ ಸಿಂಪಿಗೆ ರೋಮಿನ ಪ್ಲಿನಿ ಹೇಳಿದ ಹೆಸರು. ತಿನ್ನುವವನ ಹಲ್ಲೇ ಇಲ್ಲಿ ಅಳತೆಗೋಲು!

ಜೈನಾಗಮದ ವಿಂಗಡಣೆಗೆ ಜೀವಿಯ ಅನುಭವವೇ ಆಧಾರ. ಶಂಖ, ಸಿಂಪಿಗಳು ಸ್ಪರ್ಶನ, ರಸನಗಳೆಂಬ ಎರಡು ಇಂದ್ರಿಯಗಳುಳ್ಳ ದ್ವೀಂದ್ರಿಯಗಳು. ಆದರೆ ಇಲ್ಲೊಂದು ತೊಡಕಿದೆ. ಟ್ರೈಡಾಕ್ನಾ ಚಿಪ್ಪಿನಿಂದ ಹೊರಚಾಚುವ ಮೃದುವಾದ ಪೊರೆಯಲ್ಲಿ ನೂರಾರು ಪುಟ್ಟ ಕಣ್ಣುಗಳಿವೆ. ಮಸೂರವಿಲ್ಲದ ಅವು ಸೂಜಿರಂಧ್ರದಂತಹ ಕಿಂಡಿಯಿಂದ ಬೆಳಕನ್ನು ಗ್ರಹಿಸುತ್ತವೆ. ಪೊರೆಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯು ಬಿಸಿಲಿನಿಂದ ಆಹಾರ ಸಿದ್ಧಪಡಿಸಿ ಕೊಡುವುದರಿಂದ ಜೀವಿಯು ಅದನ್ನು ಬೆಳಕಿಗೆ ಹರಡಲೇಬೇಕು. ಹರಡಿದರೆ ಮೀನು ಕಚ್ಚುವ ಭಯ. ನೆರಳೊಂದು ಹಾದರೆ ಸಾಕು, ಪೊರೆಯನ್ನು ಒಳಸೆಳೆದುಕೊಂಡು ಚಿಪ್ಪು ಮುಚ್ಚತೊಡಗುತ್ತದೆ.

ಹಾಗಾದರೆ ಇದು ಆರು ಪ್ರಾಣಗಳ ದ್ವೀಂದ್ರಿಯವೋ, ಎಂಟು ಪ್ರಾಣಗಳ ಚತುರಿಂದ್ರಿಯವೋ? ಅದು ಕಣ್ಣಲ್ಲ, ಸ್ಪರ್ಶದ ಒಂದು ಬಗೆಯೆಂಬ ಸಮಾಧಾನ ಬಲು ಸುಲಭ, ಅದರಿಂದಲೇ ಅನುಮಾನಾಸ್ಪದ. ಈ ಕಣ್ಣಿನಿಂದ ಶಾಸ್ತ್ರವೇ ಕುಸಿಯಿತೆಂಬ ಮಾತೂ ಅಷ್ಟೇ ಆತುರದ್ದು. ಶ್ರಾವಕನ ಅಹಿಂಸಾಣುವ್ರತವು ಗೆರೆಯೆಳೆಯುವುದು ಸ್ಥಾವರಕ್ಕೂ ತ್ರಸಕ್ಕೂ ನಡುವೆ. ಎರಡು ಇಂದ್ರಿಯಗಳಿಗೂ ನಾಲ್ಕಕ್ಕೂ ನಡುವೆ ಅಲ್ಲ. ದ್ವೀಂದ್ರಿಯ ಮೊದಲ್ಗೊಂಡು ಎಲ್ಲವೂ ತ್ರಸಜೀವಗಳೇ. ಬೆಳೆದ ಟ್ರೈಡಾಕ್ನಾ ಬಂಡೆಯಂತೆ ಒಂದೆಡೆ ನೆಲೆಸಿರುತ್ತದಲ್ಲ ಎನ್ನುವವರಿಗೂ ವ್ಯಾಖ್ಯಾನಕಾರರ ಉತ್ತರ ಸಿದ್ಧವಾಗಿದೆ: ತ್ರಸತ್ವಕ್ಕೆ ಕಾರಣ ನಾಮಕರ್ಮವೇ ಹೊರತು ಚಲನೆಯಲ್ಲ. ಕಣ್ಣಿನ ವಾದ ಹೇಗೇ ತೀರ್ಮಾನವಾದರೂ ಸಂಕಲ್ಪಹಿಂಸೆಯ ನಿಷೇಧ ಸಡಿಲವಾಗದು.

ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಈ ಚಿಪ್ಪಿಗೆ ಧರ್ಮಕ್ಷೇತ್ರಗಳಲ್ಲಿಯೇ ಮನ್ನಣೆಯಿದೆ. ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ಚರ್ಚಿನ ಪವಿತ್ರಜಲದ ಪಾತ್ರೆಗಳು ಇದರವೇ. ಚೀನದಲ್ಲಿ ಇದರಿಂದ ಜಪಮಾಲೆಗಳನ್ನೂ ಕೆತ್ತನೆಯ ವಸ್ತುಗಳನ್ನೂ ಮಾಡುತ್ತಾರೆ; ಹೈನಾನ್ ಪ್ರಾಂತವು 2017ರಲ್ಲಿ ಈ ವ್ಯಾಪಾರವನ್ನು ನಿಷೇಧಿಸಿತು. ಜೀವಿ ಹೇಗೂ ಸತ್ತಿದೆ, ಕೊಂಡವನಿಗೆ ದೋಷವೇನು ಎಂದು ಕೇಳಬಹುದು. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದು ತಗಲುವುದು ಅಲ್ಲಿಯೇ. ಬಸದಿಗೆ ಅಥವಾ ಮನೆಗೆ ಬಿಳಿಯ ಮಣಿಗಳ ಮಾಲೆಯನ್ನು ತರುವವರು ಮಣಿ ಯಾವ ವಸ್ತುವಿನದೆಂದು ವಿಚಾರಿಸುವುದು ಅಪರೂಪ. ಕೇಳದೆ ಅಂಗಡಿಯವನು ಹೇಳುವುದು ಮತ್ತೂ ಅಪರೂಪ.