ಉಂಡು ಹೊರಟವನ ನಿವೇದನೆ

ಗದುಗಿನ ವೀರನಾರಾಯಣಾ, ನಿನ್ನ ಗುಡಿಯ ಕಂಬದ ಬುಡದಲ್ಲಿ ಕೂತು ನಾರಣಪ್ಪ ಒದ್ದೆ ಬಟ್ಟೆ ಆರುವ ತನಕ ಭಾರತ ಬರೆಯುತ್ತಿದ್ದನಂತೆ. ನಾನೂ ತಲೆಯಿಂದ ಹಿಮ್ಮಡದವರೆಗೆ ತೊಯ್ದೇ ಬಂದಿದ್ದೇನೆ, ಆದರೆ ಒಂದಕ್ಷರವೂ ಹೊಳೆಯುತ್ತಿಲ್ಲ. ಮನಸ್ಸೆಲ್ಲ ಹೊರಗಿನ ಬಂಡಿಯ ಮೇಲೆ, ಎಣ್ಣೆಯಲ್ಲಿ ಉಬ್ಬುತ್ತಿರುವ ಬದನೆಕಾಯಿ ಬಜಿಯ ಮೇಲೆ. ಬೆಟಗೇರಿಯ ಮಗ್ಗ ಬಿಟ್ಟು ಬಂದವರು, ಗದುಗಿನ ಪ್ರೆಸ್ಸಿನಿಂದ ಎದ್ದು ಬಂದವರು ಇಂಥ ಸಂಜೆ ಗಿರ್ಮಿಟ್ ಕಟ್ಟಿದ ಕಾಗದ ಹಿಡಿದು ಅಲ್ಲೇ ನಿಲ್ಲುತ್ತಾರೆ. ಕೈಮುಗಿದವನ ಮೂಗು ಬೇರೆ ಕಡೆ ತಿರುಗಿದ್ದಕ್ಕೆ ನೀನು ಸಿಟ್ಟಾಗಲಾರೆ.

ಮಳೆ ನಿಲ್ಲಿಸು ಎಂದು ಬೇಡಬೇಕೆಂದಿದ್ದೆ. ಲಕ್ಷ್ಮೇಶ್ವರದ ಹಾದಿ ಹಿಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ. ಡಾಂಬರಿನ ಅರ್ಧ ಪಾಲು ಹೆಸರಿನ ರಾಶಿ, ಅದರ ಮೇಲೆ ತಾಡಪತ್ರಿ, ಅಂಚಿಗೆ ಕಲ್ಲು. ಪಕ್ಕದಲ್ಲಿ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿಕೊಂಡು ಕೂತ ಮುದುಕ. ಹೆಸರು ಎರೆಹೊಲದ ಅವಸರದ ಬೆಳೆ. ಮುಂಗಾರಿಗೆ ಬಿತ್ತಿದರೆ ಶ್ರಾವಣದ ಹೊತ್ತಿಗೆ ಕಾಯಿ ಕಪ್ಪಾಗುತ್ತದೆ. ಆಗ ಮಳೆ ಬಿಡದೆ ಹೊಡೆದರೆ ಕಾಯಿಯೊಳಗೇ ಕಾಳು ಮೊಳೆಯುತ್ತದೆ. ಬಣ್ಣಗೆಟ್ಟ ಕಾಳನ್ನು ಎಪಿಎಂಸಿಯಲ್ಲಿ ಅಂಗೈಗೆ ಸುರಿದುಕೊಂಡು ನೋಡಿ ದರ ಇಳಿಸುತ್ತಾರೆ. ಅದೇ ನೀರು ಪಕ್ಕದ ಹೊಲದ ಶೇಂಗಾಕ್ಕೆ ಬೇಕು. ಎರೆಯೊಳಗೆ ಇಂಗಿದ ಹಸಿಯನ್ನು ನಂಬಿಯೇ ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ ಬಿಳಿಜೋಳ ಬಿತ್ತುತ್ತಾರೆ. ಬರುವ ವರ್ಷ ನಾನು ಮುರಿಯುವ ರೊಟ್ಟಿ ಸದ್ಯ ಚಪ್ಪಲಿಗೆ ಅಂಟಿದ ಈ ಕೆಸರಿನಲ್ಲಿದೆ. ಹೀಗಿರುವಾಗ ಮಳೆಗೆ ಬಾ ಎನ್ನಲೋ, ಹೋಗು ಎನ್ನಲೋ? ಎರಡೂ ಬೇಡಿಕೆ ಒಂದೇ ಊರಿನಿಂದ, ಒಮ್ಮೊಮ್ಮೆ ಒಂದೇ ಮನೆಯಿಂದ ನಿನಗೆ ಮುಟ್ಟುತ್ತವೆ. ದೇವರಾಗಿರುವುದೂ ಸುಖದ ಕೆಲಸವಲ್ಲ.

ಲಕ್ಷ್ಮೇಶ್ವರವೆಂಬ ಪುಲಿಗೆರೆಯ ಸೋಮೇಶ್ವರಾ, ಭಕ್ತ ಆದಯ್ಯನ ಹಟಕ್ಕೆ ಸೌರಾಷ್ಟ್ರದಿಂದ ಇಲ್ಲಿಯ ತನಕ ಬಂದವನು ನೀನು. ಈಗಲೂ ಪಾರ್ವತಿಯೊಡನೆ ನಂದಿಯ ಮೇಲೆಯೇ ಕೂತಿದ್ದೀ. ದಾರಿಯ ಹಸಿವೆಂದರೇನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಿನ್ನೂರಿನ ಖಾನಾವಳಿಯಲ್ಲಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ಮೇಲೆ ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಒಳಗೆ ಒದ್ದೆ ಕಟ್ಟಿಗೆಯ ಹೊಗೆ, ರೊಟ್ಟಿ ಬಡಿಯುವ ಸಪ್ಪಳ.

“ಅಣ್ಣಾರ, ಬಿಸೀದು ಇನ್ನೊಂದು ಹಾಕ್ಲೇನ್ರಿ?”

“ಸಾಕ್ರಿ ಅಕ್ಕಾರ.”

“ಇಂಥಾ ಮಳ್ಯಾಗ ಎಲ್ಲಿಗೆ ಹೊಕ್ಕೀರಿ? ಕುಂತು ಉಣ್ರಿ.”

ಬೇಡ ಎನ್ನುವಷ್ಟರಲ್ಲಿ ತಾಟಿಗೆ ರೊಟ್ಟಿ ಬಿದ್ದಿತ್ತು. ಕುದಿನೀರಿನ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಕೆಂಡಕ್ಕೆ ಒಡ್ಡಿ ಉಬ್ಬಿಸುವ ಆ ಕೈಗೆ ಮಧ್ಯಾಹ್ನವೆಲ್ಲ ಬಿಡುವಿಲ್ಲ. ಊರೂರಿನ ಬೋರ್ಡುಗಳ ಮೇಲೆ ‘ಉತ್ತರ ಕರ್ನಾಟಕದ ರುಚಿ’ ಎಂದು ಬರೆಸುವವರು ಭುಜದ ನೋವಿನ ಸುದ್ದಿ ತೆಗೆಯುವುದಿಲ್ಲ. ಅವಳ ಒಲೆಗೆ ಒಣ ಕಟ್ಟಿಗೆ ಕೊಡು. ಗಿರಾಕಿಗಳೆಲ್ಲ ಎದ್ದ ಮೇಲೆ ಉಣ್ಣುವ ಅವಳಿಗೂ ಒಂದು ರೊಟ್ಟಿ ಬಿಸಿಯಾಗಿಯೇ ಸಿಗಲಿ. ಬಿಲ್ಲಿನಲ್ಲಿ ಚೌಕಾಶಿ ಮಾಡುವ ಕಾರಿನವರಿಗೆ ಸ್ವಲ್ಪ ನಾಚಿಕೆ ಕೊಡು.

ಮಾಗಡಿ ಕೆರೆಯನ್ನೂ ಮರೆಯಬೇಡ. 2024ರಲ್ಲಿ ಅದು ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದೆ. ಚಳಿಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿದು ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಅವು ಬರುವ ಮುಂಚೆ ಕೆರೆ ತುಂಬಿಸು.

ಶಿರಹಟ್ಟಿಯ ಫಕೀರೇಶ್ವರಾ, ನಿನ್ನ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಪೇಟೆಯಲ್ಲಿ ಮಳೆ ರಪರಪ ಬಿದ್ದಾಗ ಚಹಾದಂಗಡಿಯ ತಗಡಿನಡಿ ಓಡಿ ಬಂದವರಿಗೆ ಸರಿದು ಜಾಗ ಕೊಟ್ಟರು, ಯಾರ ಪೈಕಿ ಎಂದು ಕೇಳಲಿಲ್ಲ. ಅರ್ಧ ಕಪ್ ಚಹಾ ಬೇರೆ ಕೈಗಿತ್ತರು. ಈ ರೂಢಿಗೆ ಯಾರ ದೃಷ್ಟಿಯೂ ತಾಗದಿರಲಿ.

ಇನ್ನು ಮುಂಡರಗಿ. ಕಪ್ಪತಗುಡ್ಡದ ನೆತ್ತಿ ಮೋಡದಲ್ಲಿ ಮುಳುಗಿದೆ, ಗಾಳಿಯಂತ್ರಗಳ ರೆಕ್ಕೆ ಅರ್ಧ ಕಾಣುತ್ತವೆ, ಅರ್ಧ ಇಲ್ಲ. 2019ರಲ್ಲಿ ವನ್ಯಜೀವಿಧಾಮವಾದ ಈ ಗುಡ್ಡದ ಔಷಧಿ ಗಿಡಗಳು ನಿನ್ನ ಪಾಲಿಗೆ, ಅನ್ನದಾನೀಶ್ವರಾ. ನನ್ನದು ಒಂದೇ ಕೋರಿಕೆ: ಹಾದಿಯಲ್ಲಿ ಕಂಡ ಆ ಹೆಸರಿನ ರಾಶಿಗೆ ಮೂರು ಬಿಸಿಲು ಕೊಡು. ಚೀಲ ಹೊಲಿದು ಗಾಡಿಗೆ ಏರಿಸಿದ ಮೇಲೆ ಮೋಡ ಬಿಚ್ಚು, ಬೇಕಾದಷ್ಟು ಸುರಿ. ಆ ಹೊತ್ತಿಗೆ ನಾನು ರಸ್ತೆಯ ಮೇಲಿದ್ದರೆ ಲೆಕ್ಕಕ್ಕೆ ಹಿಡಿಯಬೇಡ.