ಅನ್ನವಿಕ್ಕುವುದೂ ಸಾಕುವುದೂ



ಕಳೆದ ಕಾರ್ತಿಕದಲ್ಲಿ ನಮಗೊಂದು ಪತ್ರ ಬಂದಿತು. ಬರೆದವರು ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿ. ಈಗ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಲ್ಲಿ ಸಂಸಾರವಂದಿಗರು. ಮಠಕ್ಕೆ ಬರುವ ಪತ್ರಗಳಲ್ಲಿ ಮಕ್ಕಳ ಮದುವೆ, ಓದು, ಅಣ್ಣತಮ್ಮಂದಿರ ವ್ಯಾಜ್ಯ ಇವೇ ಹೆಚ್ಚು. ಈ ಪತ್ರದಲ್ಲಿದ್ದುದು ಬೇರೆಯೇ. ಮಕ್ಕಳು ಬೀದಿಯಿಂದ ಎರಡು ನಾಯಿಮರಿಗಳನ್ನು ಎತ್ತಿಕೊಂಡು ಬಂದಿದ್ದಾರೆ. ಮನೆಯಲ್ಲಿ ಉಣ್ಣುವವರು ಐವರು, ದುಡಿಯುವವರು ಒಬ್ಬರು. "ನಮ್ಮಂಥವರು ನಾಯಿ ಸಾಕಬಹುದೇ ಬುದ್ಧಿ? ಸಾಕಿದರೆ ಮಕ್ಕಳ ತುತ್ತನ್ನು ಕಸಿದಂತಾಗುವುದೇ? ಬಿಟ್ಟರೆ ದಯೆಗೆ ಎರವಾದಂತೆಯೇ?" ಎಂದು ಕೇಳಿದ್ದರು.

ಸಣ್ಣ ಪ್ರಶ್ನೆಯೆಂದು ನಕ್ಕು ಬಿಡಬಹುದಾಗಿತ್ತು. ಹಾಗೆ ಬಿಡಲಾಗದ ಕಾರಣವೊಂದು ನಮ್ಮ ಮಠದ ಹಿತ್ತಲಿನಲ್ಲಿಯೇ ನಡೆದಿತ್ತು. ಅದನ್ನು ಮೊದಲು ಹೇಳಿಕೊಳ್ಳುವುದು ಮೇಲು.

ಕೆಲವು ವರ್ಷಗಳ ಹಿಂದಿನ ಮಾತು. ದಾಸೋಹ ಮುಗಿದ ಮೇಲೆ ಉಳಿದ ಅನ್ನವನ್ನು ಹಿತ್ತಲ ಬಾಗಿಲಲ್ಲಿ ಹಾಕುವುದು ನಮ್ಮಲ್ಲಿ ರೂಢಿ. ಮೂರು ನಾಯಿಗಳು ಅಲ್ಲಿಯೇ ಬೀಡುಬಿಟ್ಟಿದ್ದುವು. ಹುಡುಗರು ಅವಕ್ಕೆ ಹೆಸರಿಟ್ಟಿದ್ದರು. ಒಮ್ಮೊಮ್ಮೆ ನಾವೂ ನಮ್ಮ ಕೈಯಾರೆ ಒಂದು ತುತ್ತು ಹಾಕಿ, ಮಠದ ಬಾಗಿಲಿಗೆ ಬಂದ ಜೀವ ಹಸಿದು ಹೋಗಲಿಲ್ಲವೆಂದು ಸಂತೋಷಪಟ್ಟಿದ್ದುಂಟು. ಅವುಗಳಲ್ಲಿ ಒಂದು ಸೌದೆಯ ಕೊಟ್ಟಿಗೆಯಲ್ಲಿ ಮರಿ ಹಾಕಿತು. ಪಕ್ಕದ ಬೀದಿಯ ಎಂಟು ವರ್ಷದ ಬಾಲಕನೊಬ್ಬ ಮರಿಯನ್ನು ಎತ್ತಲು ಹೋದಾಗ ತಾಯಿ ಅವನ ಮುಂಗೈಗೆ ಬಾಯಿ ಹಾಕಿತು. ಹುಡುಗನ ತಂದೆ ಓಡಿ ಬಂದು ಕೇಳಿದ್ದು ಒಂದೇ ಮಾತು: "ಇದು ಯಾರ ನಾಯಿ ಬುದ್ಧಿ?" ಅಡುಗೆಯವರು ಬೀದಿಯದು ಎಂದರು. ಹುಡುಗರು ಬೀದಿಯದು ಎಂದರು. ನಾವೂ, "ಅದು ಮಠದ್ದಲ್ಲ" ಎಂದೆವು. ಆತ ಅಲ್ಲಿ ಬಿದ್ದಿದ್ದ ಎಂಜಲೆಲೆಗಳನ್ನೊಮ್ಮೆ ನೋಡಿ, ನಮಗೆ ಕೈಮುಗಿದು, ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದನು.

ಹುಡುಗನಿಗೆ ಚುಚ್ಚುಮದ್ದುಗಳೆಲ್ಲ ಸರಿಯಾಗಿ ಆದುವು, ಇಂದು ಅವನು ಕ್ಷೇಮವಾಗಿದ್ದಾನೆ. ಆದರೆ ಆ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆಯಾಗಿದೆಯೇ ಎಂದು ವೈದ್ಯರು ಕೇಳಿದಾಗ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ, ಕಚ್ಚಿದ ವೇಳೆ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ತಿಳಿಯಬಹುದು. ಅದಕ್ಕೂ ಅವಕಾಶವಾಗಲಿಲ್ಲ, ಯಾರೋ ಕಲ್ಲು ಹೊಡೆದು ಅದನ್ನು ಓಡಿಸಿಬಿಟ್ಟಿದ್ದರು. ಆ ತಂದೆತಾಯಿಗಳು ತಿಂಗಳುಗಟ್ಟಲೆ ಮಗನ ಮುಖವನ್ನು ನೋಡುತ್ತ ಹೆದರಿಕೊಂಡೇ ಇದ್ದರು. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ವಿರಳವೆಂಬುದನ್ನು ಅವರು ಬಲ್ಲವರಾಗಿದ್ದರು.

ಅಂದಿನಿಂದ ನಮ್ಮನ್ನು ಕಾಡಿದ ವಿಚಾರವಿದು. ಅನ್ನವಿಕ್ಕಿದವರು ನಾವು, ಹೆಸರಿಟ್ಟವರು ನಾವು, ಕಚ್ಚಿದಾಗ ಮಾತ್ರ ಅದು ಯಾರದೂ ಅಲ್ಲ. ಇದು ದಯೆಯೇ?

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ಹೋದ ನಾಯಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾವೂ ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ಆದಿಪರ್ವದಲ್ಲಿ ಬರುವ ಇನ್ನೊಂದು ನಾಯಿಯ ಕಥೆಯನ್ನು ಹೇಳುವವರು ಕಡಮೆ. ಜನಮೇಜಯನ ಯಾಗಶಾಲೆಗೆ ನಾಯಿಯೊಂದು ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅದರ ತಾಯಿ ಸರಮೆ, ದೇವಲೋಕದ ನಾಯಿ, ರಾಜನ ಮುಂದೆ ಬಂದು ನಿಂತು, ನನ್ನ ಮಗ ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ, ಏತಕ್ಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಆಗ ಅವಳು, ನೀವು ಎಣಿಸದಿದ್ದ ಭಯವೊಂದು ನಿಮಗೆ ಬರಲಿ ಎಂದು ಶಪಿಸುತ್ತಾಳೆ. ಅನ್ನದ ವಾಸನೆಯಿಂದ ಬರಮಾಡಿಕೊಂಡವರೇ ದೊಣ್ಣೆಯಿಂದ ಹೊಡೆದರು. ಪ್ರಶ್ನೆ ಬಂದಾಗ ಮೌನ ವಹಿಸಿದರು. ನಮ್ಮ ಹಿತ್ತಲಿನಲ್ಲಿ ನಡೆದುದೂ ಅಷ್ಟೆ. ನಮ್ಮ ಪರಂಪರೆಯಲ್ಲಿ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಐತಿಹ್ಯವುಂಟು. ಕೇಳಿ ತಲೆದೂಗುವ ನಾವು, ಮರುದಿನ ಆ ನಾಯಿಗೆ ಅನ್ನವಿಕ್ಕಿದವರಾರೆಂದು ಕೇಳಿದವರಲ್ಲ.

ಅನ್ನವಿಕ್ಕುವುದು ಬೇರೆ, ಸಾಕುವುದು ಬೇರೆ. ಇಕ್ಕಿದ ಅನ್ನದ ಪುಣ್ಯ ಆ ಹೊತ್ತಿಗೆ ಮುಗಿಯುತ್ತದೆ. ನಾಳೆ ಇಕ್ಕದಿದ್ದರೆ ಕೇಳುವವರಿಲ್ಲ. ಸಾಕುವವನು ನಾಳೆಗೂ ಮಾತು ಕೊಟ್ಟವನು. ನಾಯಿಯ ಆಯುಸ್ಸು ಹನ್ನೆರಡು ವರ್ಷವೆಂದಿಟ್ಟುಕೊಂಡರೆ, ಅಷ್ಟು ವರ್ಷಗಳ ಪ್ರತಿಯೊಂದು ನಾಳೆಗೂ ಅವನು ಉತ್ತರ ಹೇಳತಕ್ಕವನು. ನಾಯಿಗೆ ಮಾತ್ರವಲ್ಲ, ನೆರೆಮನೆಯವರಿಗೂ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳ ಬಗ್ಗೆ ಆಜ್ಞೆ ಮಾಡುತ್ತ, ಕಂಡಕಂಡ ಬೀದಿಯಲ್ಲಿ ಅನ್ನ ಹಾಕಕೂಡದು, ಗೊತ್ತುಮಾಡಿದ ಸ್ಥಳದಲ್ಲಿಯೇ ಹಾಕಬೇಕೆಂದಿತು. ಹಲವು ಭಕ್ತರು ಇದರಿಂದ ನೊಂದು ನಮ್ಮಲ್ಲಿ ಹೇಳಿಕೊಂಡರು. ಆ ಬಾಲಕನ ತಂದೆಯ ಮುಖವನ್ನು ಕಂಡ ನಮಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ಪತ್ರಕ್ಕೆ ಉತ್ತರ ಬರೆಯುವ ಬದಲು, ಬೆಂಗಳೂರಿಗೆ ಹೋಗಿದ್ದಾಗ ನಾವೇ ಅತ್ತ ಹೋಗಿ ಬಂದೆವು. ಬಂಗಾರಪೇಟೆಯಲ್ಲಿ ಕವಲೊಡೆದ ರೈಲುದಾರಿ ಕೋರಮಂಡಲ, ಊರ್ಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಕೊನೆಗಾಣುತ್ತದೆ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯರು ಇಳಿದು ದುಡಿದ ಸೀಮೆಯಿದು. ಅಂದು ದುಡಿಮೆಗೆಂದು ಜನರನ್ನು ಒಳಕ್ಕೆ ತಂದ ದಾರಿಯೇ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ದುಡಿಮೆಗೆಂದು ಹೊರಕ್ಕೆ ಒಯ್ಯುವ ದಾರಿಯಾಯಿತು. ನಸುಕಿನಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮರಳುವವರು ಸಾವಿರಾರು. ನಮ್ಮ ವಿದ್ಯಾರ್ಥಿಯೂ ಅವರಲ್ಲೊಬ್ಬರು. ಮನೆ, ಸೈನೈಡು ದಿಬ್ಬದ ಕಡೆಗೆ ಮುಖಮಾಡಿದ ಹಳೆಯ ಲೈನು ಮನೆ.

ಅವರ ವೃದ್ಧ ತಾಯಿ ಹೇಳಿದ ಮಾತನ್ನು ಇಲ್ಲಿ ಬರೆಯಬೇಕು. ಗಣಿ ಮುಚ್ಚಿ, ಒಂದೊಂದೇ ಸಂಸಾರ ಬೀಗ ಹಾಕಿ ಊರು ಬಿಟ್ಟಾಗ, ಬೀಗ ಹಾಕಿದ ಬಾಗಿಲುಗಳ ಮುಂದೆ ನಾಯಿಗಳು ದಿನಗಟ್ಟಲೆ ಮಲಗಿರುತ್ತಿದ್ದುವಂತೆ. ಹೋದವರು ಕೆಟ್ಟವರಲ್ಲ ಬುದ್ಧಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಮಕ್ಕಳಿಗೇ ಜಾಗವಿರಲಿಲ್ಲ ಎಂದು ಆ ತಾಯಿ ಅವರ ಪರವಾಗಿ ಹೇಳಿದರು. ಬಡವನ ನಾಯಿಗೆ ನಿಜವಾದ ಅಪಾಯವಿರುವುದು ಅನ್ನದ ಕೊರತೆಯಲ್ಲಿ ಅಲ್ಲ, ಬಡವನಿಗೇ ನೆಲೆಯಿಲ್ಲದಿರುವುದರಲ್ಲಿ ಎಂದು ನಮಗೆ ಅಲ್ಲಿ ಹೊಳೆಯಿತು. ಆದುದರಿಂದ ನಾವು ಮೊದಲು ಕೇಳಿದ್ದು, ನಾಳೆ ನೀವೂ ಊರು ಬಿಡುವ ಕಾಲ ಬಂದರೆ ಈ ಜೀವ ಯಾರ ಬಳಿ ಇರುವುದು ಎಂದು. ತಾಯಿ, "ನಾನು ಈ ಮನೆ ಬಿಟ್ಟು ಬರುವವಳಲ್ಲ" ಎಂದರು. ಅವರ ನಂತರ? ಅದೇ ಸಾಲಿನಲ್ಲಿರುವ ಅವರ ತಂಗಿಯ ಮಗ ಒಪ್ಪಿಕೊಂಡ ಮೇಲೆಯೇ ಮಾತು ಮುಂದುವರಿಯಿತು.

ಬಡವರು ನಾಯಿ ಸಾಕಬಾರದೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಈ ನಾಡಿನಲ್ಲಿ ನಾಯಿಯನ್ನು ಚೆನ್ನಾಗಿ ನೋಡಿಕೊಂಡವರಲ್ಲಿ ಕುರಿ ಕಾಯುವವರು, ಹೊಲ ಕಾಯುವವರು ಮುಂದಿನ ಸಾಲಿನವರು. ಹಿಮದ ದೇಶದ ನಾಯಿಯನ್ನು ಬಹಳ ಬೆಲೆಗೆ ಕೊಂಡು ತಂದು, ಬೇಸರವಾದೊಡನೆ ದೂರದ ರಸ್ತೆಯಲ್ಲಿ ಕಾರಿನಿಂದ ಇಳಿಸಿ ಹೋಗುವವರು ಬಡವರಲ್ಲವಷ್ಟೆ. ಆದರೂ ಬಡವನು ಲೆಕ್ಕ ಹಾಕಲೇಬೇಕು, ಮರಿ ಮನೆಯೊಳಗೆ ಬರುವ ಮೊದಲೇ ಹಾಕಬೇಕು. ಹದಿನೈದು ಕೆ.ಜಿ. ತೂಗುವ ನಾಟಿ ನಾಯಿಗೆ ದಿನಕ್ಕೆ ಹೆಚ್ಚುಕಡಮೆ ಕಾಲು ಕೆ.ಜಿ. ಒಣ ಧಾನ್ಯ, ಬೇಳೆ ಬೇಕು. ವರ್ಷಕ್ಕೆ ತೊಂಬತ್ತು ಕೆ.ಜಿ. ಹನ್ನೆರಡು ವರ್ಷಕ್ಕೆ ಹತ್ತು ಕ್ವಿಂಟಾಲಿಗೂ ಮೇಲು. ಅಂಗೈಯಲ್ಲಿ ಹಿಡಿಸುವ ಮರಿಯ ಹಿಂದೆ ಇಷ್ಟು ಮೂಟೆಗಳು ನಿಂತಿವೆ. ಇದಕ್ಕಾಗಿ ಪೇಟೆಯ ಪೊಟ್ಟಣದ ಆಹಾರ ಬೇಕೇಬೇಕೆಂದಿಲ್ಲ. ತೋಳಕ್ಕಿಂತ ನಾಯಿ ಧಾನ್ಯದ ಪಿಷ್ಟವನ್ನು ಚೆನ್ನಾಗಿ ಅರಗಿಸಿಕೊಳ್ಳಬಲ್ಲುದೆಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಶೋಧಿಸಿ ತೋರಿಸಿದರು. ಮನುಷ್ಯನ ಮನೆಯ ಮುಂದೆ ಕಾದು ಕುಳಿತ ಸಾವಿರಾರು ವರ್ಷಗಳು ಅದರ ಹೊಟ್ಟೆಯನ್ನೇ ಬದಲಿಸಿವೆ. ರಾಗಿಮುದ್ದೆ, ಅನ್ನ, ಬೆಂದ ಬೇಳೆ, ಮೊಸರು ಇವುಗಳಿಂದ ಬಹುಪಾಲು ನಡೆಯುತ್ತದೆ. ಬರಿಯ ಮುದ್ದೆಯಾಗಲಿ ಬರಿಯ ಅನ್ನವಾಗಲಿ ಸಾಲದು. ಈರುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟು ಅದಕ್ಕೆ ವಿಷ.

ಮೊಟ್ಟೆಯ ವಿಷಯವನ್ನು ಆ ಮನೆಯ ಗೃಹಿಣಿ ಬಹಳ ಸಂಕೋಚದಿಂದ ಕೇಳಿದರು. ವೈದ್ಯರು ವಾರಕ್ಕೆರಡು ಮೊಟ್ಟೆ ಕೊಡಿ ಎಂದಿದ್ದಾರೆ, ನಮ್ಮ ಮನೆಗೆ ಅದು ಬರುವುದಿಲ್ಲ, ಏನು ಮಾಡಲಿ ಎಂದು. ವ್ರತ ಹಿಡಿದವರು ನಾವು, ನಾಯಿ ಹಿಡಿದಿಲ್ಲ. ನಮ್ಮ ವ್ರತದ ಭಾರವನ್ನು ಅದರ ಮೇಲೆ ಹೊರಿಸಿ ಅದರ ಮೈ ಇಳಿಸುವುದು ಆಚಾರವೆನಿಸದು. ಹೊರಗಡೆ, ಬೇರೆ ಪಾತ್ರೆಯಲ್ಲಿ ಬೇಯಿಸಿ ಹಾಕಿದರೆ ದೋಷವಿಲ್ಲ. ಮನಸ್ಸು ಒಪ್ಪದಿದ್ದರೆ ಬೇಳೆ ಮೊಸರುಗಳನ್ನು ಹೆಚ್ಚಿಸಿ, ನಾಯಿ ಸೊರಗದಂತೆ ವೈದ್ಯರಿಗೆ ತೋರಿಸುತ್ತಿರಿ ಎಂದೆವು. ಇದನ್ನು ಒಪ್ಪದ ಹಿರಿಯರು ನಮ್ಮ ವಾಚಕರಲ್ಲಿರಬಹುದು. ಇರಲಿ.

ಲಸಿಕೆಯ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಮರಿಗೆ ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ, ವೈದ್ಯರು ಹೇಳಿದಂತೆ ಮರುಲಸಿಕೆ, ಅನಂತರ ವರ್ಷ ವರ್ಷವೂ. ಲೂಯಿ ಪಾಸ್ಚರ್ ಮಹಾಶಯರು 1885ರಲ್ಲಿ ಮೊದಲ ಬಾರಿಗೆ ಒಬ್ಬ ಬಾಲಕನನ್ನು ಈ ಚಿಕಿತ್ಸೆಯಿಂದ ಉಳಿಸಿದರು. ಅದಾಗಿ ನೂರನಲವತ್ತು ವರ್ಷ ಕಳೆದ ಮೇಲೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆಂದೂ, ಅದರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಭಾರತದ್ದೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಪಾಸ್ಚರರು ತೀರಿಕೊಂಡ ಸೆಪ್ಟೆಂಬರ್ 28ನ್ನು ರೇಬೀಸ್ ದಿನವೆಂದು ಆಚರಿಸುವುದರಿಂದ, ಆ ಸುಮಾರಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಲಸಿಕೆ ಹಾಕುವ ಶಿಬಿರಗಳು ನಡೆಯುವುದುಂಟು. ಬಡವರು ವಿಚಾರಿಸಿಕೊಂಡು ಇದರ ಪ್ರಯೋಜನ ಪಡೆಯತಕ್ಕದ್ದು. ಮರಿಗಳನ್ನು ಕೊಲ್ಲುವ ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆಗೆ ಸ್ವಲ್ಪ ಹಣ ಬೇಕು. ದೇವರ ಗೂಡಿನ ಹುಂಡಿಯಂತೆ ನಾಯಿಗೂ ಒಂದು ಡಬ್ಬಿಯಿಟ್ಟು ವಾರವಾರ ಕೈಲಾದ ಚಿಲ್ಲರೆ ಹಾಕಿರೆಂದು ಮಕ್ಕಳಿಗೆ ಹೇಳಿದೆವು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮಂತ್ರ ಇವನ್ನು ನಂಬಿ ಹೊತ್ತು ಕಳೆಯಬಾರದು. ನಮ್ಮ ಬಳಿ ವಿಭೂತಿಗೆಂದೂ ಮೊದಲು ಬರಬೇಡಿ.

ದುಡ್ಡು ಬೇಡದ, ಆದರೂ ನಾವು ಕೊಡದಿರುವ ಇನ್ನೊಂದುಂಟು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಅನ್ನ, ನೀರು, ನೆರಳು ಕೊಡದಿರುವುದನ್ನೂ, ಹಸಿವಿನಿಂದ ಬಳಲುವಂತೆ ಪ್ರಾಣಿಯನ್ನು ತೊರೆದು ಹೋಗುವುದನ್ನೂ ಅಪರಾಧವೆನ್ನುತ್ತದೆ. ಅದೇ ಕಲಮು ನಾಯಿಯನ್ನು ಹೆಸರಿಸಿಯೇ, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದೂ ಅಪರಾಧವೆಂದಿದೆ. ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಅಷ್ಟು ಸಣ್ಣ ದಂಡಕ್ಕೆ ಹೆದರುವವರು ಯಾರು? ಆದರೆ ನಮ್ಮ ಭಕ್ತರ ಎಷ್ಟು ಮನೆಗಳ ಗೇಟಿನಲ್ಲಿ ಮೂರು ಮೊಳದ ಸರಪಳಿಯಲ್ಲಿ ನಾಯಿಗಳು ಆಯುಸ್ಸು ಕಳೆಯುತ್ತಿಲ್ಲ! ನಸುಕಿನಲ್ಲಿ ರೈಲು ಹಿಡಿಯುವ ಮನುಷ್ಯನಿಗೆ ನಾಯಿಯನ್ನು ಅಡ್ಡಾಡಿಸಲು ಬಿಡುವೆಲ್ಲಿ ಎಂದರೆ, ಮರಿ ತಂದವರು ಮಕ್ಕಳು. ಬೆಳಗು ಬೈಗು ಅರ್ಧ ಗಂಟೆ ಅವರದು ಎಂದು ನಿಷ್ಕರ್ಷೆಯಾಯಿತು.

ಉಳಿದುದು, ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳುವುದೆಂಬುದು. ಎರಡನ್ನೂ ಸಾಕುವ ಶಕ್ತಿ ಆ ಮನೆಗಿರಲಿಲ್ಲ. ಇದೆಯೆಂದು ಹೇಳಿಕೊಂಡಿದ್ದರೆ ಅದು ಆತ್ಮವಂಚನೆಯಾಗುತ್ತಿತ್ತು. ಒಂದು ಗಂಡು, ಒಂದು ಹೆಣ್ಣು. ಗಂಡನ್ನು ಉಳಿಸಿ ಹೆಣ್ಣನ್ನು ದಿಬ್ಬದ ಬಳಿ ಬಿಟ್ಟು ಬನ್ನಿ ಎಂಬುದು ನೆರೆಯವರ ಸಲಹೆ. ಹೆಣ್ಣುನಾಯಿ ಎರಡು ತಿಂಗಳು ಗರ್ಭ ಧರಿಸಿ ಒಮ್ಮೆಗೆ ಐದಾರು ಮರಿ ಹಾಕುತ್ತದೆ. ಆ ಮರಿಗಳಲ್ಲಿ ಬಹುಪಾಲು ಯಾರೂ ಕಾಣದೆ ರಸ್ತೆಯಲ್ಲಿ, ಮೋರಿಯಲ್ಲಿ ಕಣ್ಮುಚ್ಚುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತೆತ್ತಿದಾಗ ಆ ತಾಯಿ, ಒಂದು ಜೀವದ ತಾಯ್ತನವನ್ನು ಕಿತ್ತುಕೊಳ್ಳುವುದು ಪಾಪವಲ್ಲವೇ ಎಂದರು. ಹಿಂದೊಮ್ಮೆ ನಮಗೂ ಹಾಗೆಯೇ ಅನ್ನಿಸಿತ್ತು. ನಮ್ಮ ಸೌದೆಯ ಕೊಟ್ಟಿಗೆಯಲ್ಲಿ ಹುಟ್ಟಿದ ಆರು ಮರಿಗಳನ್ನು ತಾಯಿ ಹೋದ ಮೇಲೆ ಒಂದೊಂದಾಗಿ ಮಣ್ಣು ಮಾಡಿಸಿದವರು ನಾವು. ಉಳಿದದ್ದು ಒಂದು. ಅದನ್ನು ಆ ತಾಯಿಗೆ ಹೇಳಿದೆವು. ಅವರು ಮತ್ತೆ ಆ ಪ್ರಶ್ನೆಯನ್ನು ಕೇಳಲಿಲ್ಲ.

ಗಂಡು ಮರಿಯನ್ನು ಹಾಲು ಮಾರುವ ಗೃಹಸ್ಥರೊಬ್ಬರು ಸಂತೋಷದಿಂದ ಕೊಂಡೊಯ್ದರು. ಹೆಣ್ಣು ಮನೆಯಲ್ಲಿ ಉಳಿಯಿತು. ಈಚೆಗೆ ಬಂದ ಪತ್ರದ ಪ್ರಕಾರ ಅದಕ್ಕೆ ಲಸಿಕೆಗಳಾಗಿವೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಡಬ್ಬಿಯ ಹಣ ಸಾಲದೆ ಅಜ್ಜಿ ತಮ್ಮ ಪಿಂಚಣಿಯಿಂದ ಸ್ವಲ್ಪ ಸೇರಿಸಿದ್ದಾರೆ. ಲಸಿಕೆಯ ಪುಸ್ತಕವನ್ನು ಪಡಿತರ ಚೀಟಿಯ ಜೊತೆಯಲ್ಲಿಯೇ ಇಟ್ಟಿದ್ದಾರಂತೆ.

ನಮ್ಮ ಮಠದಲ್ಲಿ ಉಳಿದ ಆ ಒಂದು ಮರಿ ಈಗ ದೊಡ್ಡದಾಗಿದೆ. ಅದಕ್ಕೂ ಅಂಥದೇ ಒಂದು ಪುಸ್ತಕವುಂಟು. ಮಾಲೀಕರ ಹೆಸರು ಎಂಬಲ್ಲಿ ಪಶುವೈದ್ಯರು ಏನು ಬರೆಯಲೆಂದು ಕೇಳಿದಾಗ ಅಡುಗೆಯವರು ನಮ್ಮ ಮುಖ ನೋಡಿದರು. ಅಲ್ಲಿ ನಮ್ಮ ಹೆಸರನ್ನೇ ಬರೆಯಿಸಿ ರುಜು ಹಾಕಿದೆವು.