ಏಟು ಮತ್ತು ಬಂಧ

ಒಂದು ಕ್ರಿಯೆ ನಡೆದು ಮುಗಿದ ಮೇಲೆ ಅದರ ಫಲ ಎಲ್ಲಿ ನಿಲ್ಲುತ್ತದೆ, ಅದು ಯಾರನ್ನು ಎಷ್ಟು ಕಾಲ ಕಟ್ಟಿಹಾಕುತ್ತದೆ ಎಂಬುದು ಭಾರತದ ದರ್ಶನಗಳು ಮತ್ತೆ ಮತ್ತೆ ಎದುರಿಸಿದ ಪ್ರಶ್ನೆ. ಯಜ್ಞ ಇಂದು ಮುಗಿಯುತ್ತದೆ, ಸ್ವರ್ಗ ಮುಂದೆಂದೋ ದೊರೆಯುತ್ತದೆ. ನಡುವಿನ ಆ ಅಂತರವನ್ನು ತುಂಬಲು ಮೀಮಾಂಸಕರು ‘ಅಪೂರ್ವ’ವೆಂಬ ಕಾಣದ ಶಕ್ತಿಯೊಂದನ್ನು ಒಪ್ಪಿಕೊಂಡರು. ಬೌದ್ಧರು ಚೇತನೆಯನ್ನೇ, ಅಂದರೆ ಮನಸ್ಸಿನ ಸಂಕಲ್ಪವನ್ನೇ, ಕರ್ಮವೆಂದು ಕರೆದರು. ಜೈನರು ಕರ್ಮವನ್ನು ಜೀವಕ್ಕೆ ಬಂದು ಅಂಟುವ ಸೂಕ್ಷ್ಮ ಪುದ್ಗಲವೆಂದು, ಅಂದರೆ ಒಂದು ಬಗೆಯ ಜಡದ್ರವ್ಯವೆಂದೇ ವಿವರಿಸಿದರು. ಉತ್ತರಗಳು ಬೇರೆಬೇರೆಯಾದರೂ ಎಲ್ಲವಕ್ಕೂ ತೊಡಕು ಒಂದೇ: ಕ್ರಿಯೆಗೂ ಫಲಕ್ಕೂ ನಡುವಿನ ಕೊಂಡಿ ಕಣ್ಣಿಗೆ ಕಾಣುವಂಥದ್ದಲ್ಲ. ಆ ಕೊಂಡಿಯನ್ನು ಮನುಷ್ಯರೇ ಕಟ್ಟಿ, ಎಣಿಸಿ, ಕೋಷ್ಟಕದಲ್ಲಿ ಬರೆದಿಟ್ಟಿರುವ ಒಂದು ಪುಟ್ಟ ಲೋಕವಿದೆ. ಇಬ್ಬರು ಎದುರುಬದುರು ನಿಂತು ಕಾದಾಡುವ ವಿಡಿಯೊ ಆಟ, ಅಂದರೆ ಫೈಟಿಂಗ್ ಗೇಮ್, ಅಂಥ ಲೋಕ. ಅಲ್ಲಿನ ಏಟು ಹೇಗೆ ಹುಟ್ಟಿ, ಹೇಗೆ ತಾಗಿ, ಏನನ್ನು ಉಳಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಹಳೆಯ ಪ್ರಶ್ನೆಯ ಕೆಲವು ಎಳೆಗಳು ಬಿಡಿಸಿಕೊಳ್ಳುತ್ತವೆ.

ಈ ಬಗೆಯ ಆಟಕ್ಕೆ ಇಂದಿಗೂ ಉಳಿದಿರುವ ರೂಪವನ್ನು ಕೊಟ್ಟದ್ದು ಜಪಾನಿನ ಕ್ಯಾಪ್ಕಾಮ್ ಸಂಸ್ಥೆ 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’. ಇಂಥ ಆಟಗಳಲ್ಲಿ ಕಾಲವು ಸೆಕೆಂಡಿಗೆ 60ರಂತೆ ಬಿಡಿಬಿಡಿ ಕ್ಷಣಗಳಾಗಿ ಸಾಗುತ್ತದೆ. ಆ ಒಂದೊಂದು ಕ್ಷಣಕ್ಕೂ ಫ್ರೇಮ್ ಎಂದು ಹೆಸರು. ಗುಂಡಿ ಒತ್ತಿದೊಡನೆ ಏಟು ಬೀಳುವುದಿಲ್ಲ, ಏಕೆಂದರೆ ಪ್ರತಿ ಏಟಿಗೂ ಮೂರು ಹಂತಗಳಿವೆ: ಕೈಯನ್ನೋ ಕಾಲನ್ನೋ ಎತ್ತಿ ಬೀಸುವ ಸಿದ್ಧತೆಯ ಹಂತ ‘ಸ್ಟಾರ್ಟಪ್’, ತಾಗುವ ಶಕ್ತಿಯಿರುವ ಹಂತ ‘ಆಕ್ಟಿವ್’, ಬೀಸಿದ ಅಂಗವನ್ನು ಹಿಂದಕ್ಕೆಳೆದುಕೊಂಡು ಮೊದಲಿನ ನಿಲುವಿಗೆ ಮರಳುವ ಹಂತ ‘ರಿಕವರಿ’. ಏಟು ತಾಗಿತೇ ಇಲ್ಲವೇ ಎಂಬುದನ್ನು ತೆರೆಯ ಮೇಲಿನ ಚಿತ್ರದ ಹಿಂದೆ ಅಡಗಿರುವ ಆಯತಗಳು ನಿರ್ಣಯಿಸುತ್ತವೆ. ಆಕ್ಟಿವ್ ಹಂತದಲ್ಲಿ ಮಾತ್ರ ಮುಷ್ಟಿಯ ಸುತ್ತ ಹುಟ್ಟುವ ಆಯತಕ್ಕೆ ‘ಹಿಟ್‌ಬಾಕ್ಸ್’ ಎಂದೂ ದೇಹವನ್ನು ಆವರಿಸಿ ಏಟನ್ನು ಪಡೆಯುವ ಆಯತಕ್ಕೆ ‘ಹರ್ಟ್‌ಬಾಕ್ಸ್’ ಎಂದೂ ಹೆಸರು. ಒಂದೇ ಒಂದು ಫ್ರೇಮಿನ ಕಾಲ ಒಂದು ಇನ್ನೊಂದರ ಮೇಲೆ ಬಿದ್ದರೂ ಏಟು ತಾಗಿದಂತೆಯೇ. ಹೆಚ್ಚಿನ ಏಟುಗಳಲ್ಲಿ ಮುಂದೆ ಚಾಚಿದ ಕೈಯ ಮೇಲೂ ಹರ್ಟ್‌ಬಾಕ್ಸ್ ಹರಡಿಕೊಳ್ಳುವುದರಿಂದ, ಹೊಡೆಯಲು ಕೈ ಚಾಚಿದವನು ಆ ಕೈಯನ್ನು ಎದುರಾಳಿಯ ಏಟಿಗೂ ಒಡ್ಡಿರುತ್ತಾನೆ.

ತಾಗಿದ ಮೇಲೆ ಮೊದಲು ಇಬ್ಬರೂ ಕೆಲವು ಫ್ರೇಮ್‌ಗಳ ಕಾಲ ಕಲ್ಲಾಗಿ ನಿಲ್ಲುತ್ತಾರೆ. ‘ಹಿಟ್‌ಸ್ಟಾಪ್’ ಎನ್ನಿಸಿಕೊಳ್ಳುವ ಈ ನಿಲುಗಡೆ ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಟ್ಟಿಗೆ ಹಿಡಿಯುತ್ತದೆ. ಏಟಿನ ಭಾರ ನೋಡುವವರ ಅನುಭವಕ್ಕೆ ಬರುವುದರಲ್ಲಿ ಅದರ ಪಾಲು ದೊಡ್ಡದು. ಅದು ಕಳೆದ ಮೇಲೆ ಏಟು ತಿಂದವನು ಏನನ್ನೂ ಮಾಡಲಾಗದೆ ತತ್ತರಿಸುವ ಅವಧಿ ‘ಹಿಟ್‌ಸ್ಟನ್’. ಅವನು ಏಟನ್ನು ತಡೆದಿದ್ದರೆ ಉಂಟಾಗುವ, ಸಾಮಾನ್ಯವಾಗಿ ಇನ್ನೂ ಚಿಕ್ಕದಾದ ಅವಧಿ ‘ಬ್ಲಾಕ್‌ಸ್ಟನ್’. ಗುಂಡಿ ಒತ್ತಿದ ನಾಲ್ಕನೆಯ ಫ್ರೇಮಿನಲ್ಲಿ ತಾಗುವ ಚುರುಕಾದ ಗುದ್ದೊಂದನ್ನು ಊಹಿಸಿಕೊಳ್ಳಬಹುದು. ತಾಗಿದ ಬಳಿಕ ಹೊಡೆದವನು ತನ್ನ ನಿಲುವಿಗೆ ಮರಳಲು 9 ಫ್ರೇಮ್ ಬೇಕು, ತಿಂದವನು 13 ಫ್ರೇಮ್ ಕಟ್ಟಿಗೆ ಸಿಕ್ಕಿರುತ್ತಾನೆ ಎಂದಿಟ್ಟುಕೊಂಡರೆ, ಹೊಡೆದವನಿಗೆ 4 ಫ್ರೇಮ್, ಅಂದರೆ ಸೆಕೆಂಡಿನ ಹದಿನೈದನೆಯ ಒಂದು ಪಾಲು, ಮುಂಚಿತವಾಗಿ ಬಿಡುಗಡೆ ದೊರೆಯುತ್ತದೆ. ಆ ಕೂಡಲೇ ಅದೇ ಗುದ್ದನ್ನು ಮತ್ತೆ ಹಾಕಿದರೆ ಎದುರಾಳಿಯ ಕಟ್ಟಿನ ಕೊನೆಯ ಫ್ರೇಮಿನಲ್ಲಿ ಅದು ತಾಗುತ್ತದೆ. ಹೀಗೆ ನಡುವೆ ತಪ್ಪಿಸಿಕೊಳ್ಳಲು ಎಡೆಯಿಲ್ಲದಂತೆ ಏಟುಗಳು ಒಂದಕ್ಕೊಂದು ಹೆಣೆದುಕೊಳ್ಳುವುದಕ್ಕೆ ‘ಕಾಂಬೊ’ ಎನ್ನುತ್ತಾರೆ. ಆದರೆ ಅದೇ ಗುದ್ದು ಗುರಿತಪ್ಪಿ ಗಾಳಿಯಲ್ಲಿ ಹೋದರೆ ಎದುರಾಳಿಗೆ ಯಾವ ಕಟ್ಟೂ ಬೀಳುವುದಿಲ್ಲ, ಹೊಡೆದವನ ರಿಕವರಿ ಮಾತ್ರ ಒಂದು ಫ್ರೇಮೂ ಕಡಿಮೆಯಾಗದೆ ಉಳಿಯುತ್ತದೆ. ಈ ಲೋಕದ ಮೊದಲ ನಿಯಮ ಇಲ್ಲಿ ಸ್ಪಷ್ಟವಾಗುತ್ತದೆ: ಕ್ರಿಯೆ ಬೇರೆಯವರನ್ನು ಮುಟ್ಟಲಿ ಬಿಡಲಿ, ಮಾಡಿದವನನ್ನು ಕಟ್ಟದೆ ಬಿಡುವುದಿಲ್ಲ.

ಈ ನಿಯಮದ ಒಂದು ಮುಖವನ್ನು ಕಣಾದನ ವೈಶೇಷಿಕಸೂತ್ರ ಒನಕೆ ಒರಳುಗಳ ಉದಾಹರಣೆಯಿಂದ ಗುರುತಿಸಿದೆ. ಅದರ ಐದನೆಯ ಅಧ್ಯಾಯದ ವಿಚಾರದಂತೆ ಆತ್ಮದ ಪ್ರಯತ್ನದಿಂದ ಕೈ ಚಲಿಸುತ್ತದೆ, ಕೈಯ ಸಂಯೋಗದಿಂದ ಒನಕೆ ಚಲಿಸುತ್ತದೆ. ಆದರೆ ಒರಳಿಗೆ ಬಡಿದ ಒನಕೆ ಪುಟಿದು ಮೇಲೇಳುವಾಗ ಅದಕ್ಕೆ ಕಾರಣ ಕೈಯಲ್ಲ, ‘ಅಭಿಘಾತ’, ಅಂದರೆ ವೇಗವಾಗಿ ಬಂದು ಬಡಿಯುವ ಸಂಯೋಗ. ಆ ಹೊತ್ತಿನಲ್ಲಿ ಒನಕೆಯೊಡನೆ ಕೈಯೂ ಮೇಲೇಳುವುದು ಕುಟ್ಟುವವಳ ಇಚ್ಛೆಯಿಂದಲ್ಲ, ಒನಕೆಯನ್ನು ಹಿಡಿದಿರುವುದರಿಂದ. ಬೀಸುವ ಸ್ವಾತಂತ್ರ್ಯ ಬೀಸಿದವನದು, ತಾಗಿದ ಮೇಲಿನದು ತಾಗುವಿಕೆಯ ನಿಯಮಕ್ಕೆ ಸೇರಿದ್ದು ಎಂಬ ಈ ವಿವೇಚನೆ ಗುಂಡಿ ಒತ್ತಿದ ಬೆರಳಿಗೂ ಸಲ್ಲುತ್ತದೆ; ಒತ್ತುವ ಮುನ್ನ ಆಯ್ಕೆಯಿತ್ತು, ಒತ್ತಿದ ಮೇಲೆ ಉಳಿದದ್ದು ಎಣಿಕೆ ಮಾತ್ರ.

ಎರಡನೆಯ ನಿಯಮ ಏಟಿನ ಗುಣಗಳಿಗೆ ಸಂಬಂಧಿಸಿದ್ದು. ಕಾಲಡಿಗೆ ಬೀಸುವ ಏಟನ್ನು ನಿಂತು ತಡೆಯಲಾಗದು, ಮೇಲಿನಿಂದ ಇಳಿಯುವ ಏಟನ್ನು ಕುಳಿತು ತಡೆಯಲಾಗದು, ಹಿಡಿದೆಸೆಯುವ ಪಟ್ಟನ್ನು ನಿಂತೂ ಕುಳಿತೂ ತಡೆಯಲಾಗದು. ಕೆಲವು ಏಟುಗಳು ಎದುರಾಳಿಯನ್ನು ನಿಂತಲ್ಲೇ ತತ್ತರಿಸುವಂತೆ ಮಾಡುತ್ತವೆ, ಕೆಲವು ನೆಲಕ್ಕೆ ಕೆಡವುತ್ತವೆ, ಕೆಲವು ಗಾಳಿಗೆ ಚಿಮ್ಮಿಸುತ್ತವೆ. ಒಂದೇ ಒದೆತ ನಿಂತವನಿಗೆ ಒಂದು ಫಲವನ್ನೂ, ಗಾಳಿಯಲ್ಲಿರುವವನಿಗೆ ಇನ್ನೊಂದನ್ನೂ, ತಡೆದವನಿಗೆ ಮತ್ತೊಂದನ್ನೂ ಕೊಡುವುದರಿಂದ ಫಲವು ಏಟಿನಲ್ಲಿ ಮಾತ್ರ ಇದೆ ಎನ್ನುವಂತಿಲ್ಲ. ಏಟಿನ ಗುಣವೂ ಪಡೆಯುವವನ ಸ್ಥಿತಿಯೂ ಕೂಡಿದ ಜಾಗದಲ್ಲಿ ಅದು ಹುಟ್ಟುತ್ತದೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಕರ್ಮಬಂಧವನ್ನು ನಾಲ್ಕಾಗಿ ವಿಂಗಡಿಸುವ ಬಗೆಯನ್ನು ಈ ಕೋಷ್ಟಕದ ಪಕ್ಕದಲ್ಲಿಟ್ಟರೆ ಅಚ್ಚರಿಯಾಗುವಷ್ಟು ಹೊಂದಿಕೆ ಕಾಣುತ್ತದೆ. ಅಂಟಿದ ಕರ್ಮದ ಸ್ವಭಾವ ‘ಪ್ರಕೃತಿ’, ಅದು ಉಳಿಯುವ ಅವಧಿ ‘ಸ್ಥಿತಿ’, ಫಲ ಕೊಡುವಾಗಿನ ಅದರ ತೀವ್ರತೆ ‘ಅನುಭಾಗ’, ಅಂಟಿದ ದ್ರವ್ಯದ ಪ್ರಮಾಣ ‘ಪ್ರದೇಶ’. ಜೈನ ಕರ್ಮಗ್ರಂಥಗಳು ಇದನ್ನು ಲಾಡುವಿನ ದೃಷ್ಟಾಂತದಿಂದ ತಿಳಿಯಾಗಿಸುತ್ತವೆ: ಒಂದು ಲಾಡು ವಾತವನ್ನು ಶಮನಗೊಳಿಸುತ್ತದೆ, ಇನ್ನೊಂದು ಪಿತ್ತವನ್ನು, ಒಂದು ಬೇಗ ಕೆಡುತ್ತದೆ, ಇನ್ನೊಂದು ಬಹಳ ದಿನ ನಿಲ್ಲುತ್ತದೆ, ಒಂದರ ರಸ ಮಂದ, ಇನ್ನೊಂದರದು ತೀವ್ರ, ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಏಟು ಕೆಡವುತ್ತದೆಯೋ ಚಿಮ್ಮಿಸುತ್ತದೆಯೋ ಎಂಬುದು ಅದರ ಪ್ರಕೃತಿ, ಹಿಟ್‌ಸ್ಟನ್ನಿನ ಫ್ರೇಮ್‌ಗಳು ಅದರ ಸ್ಥಿತಿ, ನೋವಿನ ತೀಕ್ಷ್ಣತೆ ಅದರ ಅನುಭಾಗ, ತಾಗಿದ ಏಟುಗಳ ಎಣಿಕೆ ಅದರ ಪ್ರದೇಶ ಎಂದು ಹೊಂದಿಸಿಕೊಳ್ಳಬಹುದು.

ಈ ಹೊಂದಿಕೆಯಲ್ಲಿ ಎರಡು ಬಿರುಕುಗಳಿವೆ, ಅವನ್ನು ಮರೆಮಾಚುವುದು ಸರಿಯಲ್ಲ. ಜೈನರ ಬಂಧ ಕರ್ಮ ಮಾಡಿದ ಜೀವಕ್ಕೆ ಅಂಟುತ್ತದೆ, ಹಿಟ್‌ಸ್ಟನ್ ಬೀಳುವುದು ಏಟು ತಿಂದವನಿಗೆ. ಅದಕ್ಕಿಂತ ಆಳವಾದ ಬಿರುಕು ಕಾರಣಕ್ಕೆ ಸಂಬಂಧಿಸಿದ್ದು. ಪ್ರಕೃತಿ ಮತ್ತು ಪ್ರದೇಶಗಳು ‘ಯೋಗ’ದಿಂದ, ಅಂದರೆ ಮನೋವಾಕ್ಕಾಯಗಳ ಚಟುವಟಿಕೆಯಿಂದ ಉಂಟಾಗುತ್ತವೆ, ಸ್ಥಿತಿ ಮತ್ತು ಅನುಭಾಗಗಳು ‘ಕಷಾಯ’ದಿಂದ, ಅಂದರೆ ಕ್ರೋಧ, ಮಾನ, ಮಾಯೆ, ಲೋಭಗಳಿಂದ ಉಂಟಾಗುತ್ತವೆ ಎಂಬುದು ಜೈನಾಚಾರ್ಯರ ನಿಲುವು. ಎಂಥ ಕೆಲಸ ನಡೆಯಿತು ಎಂಬುದು ಬಂಧದ ಬಗೆಯನ್ನೂ ಪ್ರಮಾಣವನ್ನೂ ಗೊತ್ತುಮಾಡಿದರೆ, ಎಂಥ ಮನಸ್ಸಿನಿಂದ ನಡೆಯಿತು ಎಂಬುದು ಅದರ ಅವಧಿಯನ್ನೂ ತೀವ್ರತೆಯನ್ನೂ ಗೊತ್ತುಮಾಡುತ್ತದೆ. ಆಟದ ಯಂತ್ರಕ್ಕೆ ಮನಸ್ಸು ಕಾಣದು. ಸಿಟ್ಟಿನಿಂದ ಒತ್ತಿದ ಗುಂಡಿಗೂ ಶಾಂತವಾಗಿ ಒತ್ತಿದ ಗುಂಡಿಗೂ ಅಲ್ಲಿ ಒಂದೇ ಲೆಕ್ಕ. ಯಾರೂ ಬಯಸದ ಫಲವೂ ಅಲ್ಲಿ ಹುಟ್ಟಬಲ್ಲದು: ಸ್ಟ್ರೀಟ್ ಫೈಟರ್ 2 ತಯಾರಾಗುತ್ತಿದ್ದಾಗ ಕಾರನ್ನು ಒಡೆಯುವ ಬೋನಸ್ ಸುತ್ತನ್ನು ಪರೀಕ್ಷಿಸುತ್ತಿದ್ದ ನಿರ್ಮಾಪಕ ನೊರಿತಾಕಾ ಫುನಾಮಿಜು ಅವರಿಗೆ ಏಟಿನ ಬೆನ್ನಿಗೇ ಇನ್ನೊಂದು ಏಟು ಸೇರಿಕೊಳ್ಳುತ್ತಿರುವುದು ಕಾಣಿಸಿತು, ಯೋಜನೆಯಲ್ಲಿಲ್ಲದ ಆ ಗುಣವನ್ನು ತೆಗೆಯದೆ ಉಳಿಸಿಕೊಂಡದ್ದರಿಂದಲೇ ಕಾಂಬೊ ಈ ಪ್ರಕಾರದ ಜೀವಾಳವಾಗಿ ಬೆಳೆಯಿತು. ಸಂಕಲ್ಪವೇ ಕರ್ಮವೆನ್ನುವ ಬೌದ್ಧನು ಇಂಥ ಲೋಕದಲ್ಲಿ ಚಲನೆ ಮಾತ್ರ ಇದೆ, ಕರ್ಮವಿಲ್ಲ ಎಂದರೆ ಅವನ ಆಕ್ಷೇಪವನ್ನು ಒಪ್ಪಲೇಬೇಕಾಗುತ್ತದೆ.

ಆದರೆ ಆಟವೆಂದರೆ ಯಂತ್ರ ಮಾತ್ರವಲ್ಲ, ಅದರ ಮುಂದೆ ಕುಳಿತ ಮನುಷ್ಯನೂ ಅದಕ್ಕೆ ಸೇರಿದ್ದಾನೆ. ಏಟು ತಿಂದ ಆಟಗಾರ ಕೆರಳುತ್ತಾನೆ, ತಿರುಗಿ ಹೊಡೆಯುವ ಆತುರದಲ್ಲಿ ತನ್ನ ಸರದಿಗೆ ಕಾಯದೆ ಗುಂಡಿ ಒತ್ತುತ್ತಾನೆ, ಅವನ ಗುದ್ದು ಇನ್ನೂ ಸ್ಟಾರ್ಟಪ್ ಹಂತದಲ್ಲಿರುವಾಗಲೇ ಎದುರಾಳಿಯ ಮುಂದಿನ ಏಟು ಬಂದು ತಾಗುತ್ತದೆ. ಹೀಗೆ ಹೊಡೆಯಲು ಹೊರಟವನೇ ಹೊಡೆಸಿಕೊಳ್ಳುವುದಕ್ಕೆ ‘ಕೌಂಟರ್ ಹಿಟ್’ ಎಂದು ಹೆಸರು. 2023ರಲ್ಲಿ ಬಂದ ಸ್ಟ್ರೀಟ್ ಫೈಟರ್ 6ರಲ್ಲಿ ಕೌಂಟರ್ ಹಿಟ್ಟಿನಿಂದ ಹಾನಿ ಶೇಕಡ 20ರಷ್ಟು ಏರುತ್ತದೆ, ಹಿಟ್‌ಸ್ಟನ್ 2 ಫ್ರೇಮ್ ಉದ್ದವಾಗುತ್ತದೆ. ರಿಕವರಿ ಹಂತದಲ್ಲಿ ಸಿಕ್ಕಿಬಿದ್ದವನಿಗಂತೂ ಆ ಉದ್ದ 4 ಫ್ರೇಮ್. ಹೆಚ್ಚುವ ಎರಡು ಅಂಶಗಳು ಯಾವುವೆಂಬುದನ್ನು ಗಮನಿಸಬೇಕು: ಒಂದು ತೀವ್ರತೆ, ಇನ್ನೊಂದು ಅವಧಿ. ಅನುಭಾಗ ಮತ್ತು ಸ್ಥಿತಿಗಳು ಕಷಾಯದಿಂದ ಬೆಳೆಯುತ್ತವೆ ಎಂದ ಆಚಾರ್ಯರ ಮಾತು, ಮನಸ್ಸನ್ನು ಕಾಣಲಾರದ ಯಂತ್ರದಲ್ಲಿಯೂ ಮನಸ್ಸುಳ್ಳ ಆಟಗಾರನ ಬೆರಳಿನ ಮೂಲಕ ಒಳಗೆ ಬಂದು ನೆರವೇರುತ್ತದೆ. ಎಲ್ಲ ಕೌಂಟರ್ ಹಿಟ್‌ಗಳೂ ಸಿಟ್ಟಿನ ಫಲವಲ್ಲ, ಲೆಕ್ಕ ತಪ್ಪಿದ ಶಾಂತಚಿತ್ತನಿಗೂ ಅದು ತಾಗುತ್ತದೆ. ಆದರೆ ಸಿಟ್ಟು ಮಾತ್ರ ಅದನ್ನು ತಾನಾಗಿ ಹೋಗಿ ಕರೆತರುತ್ತದೆ. ಹಾಗೆ ನೋಡಿದರೆ ಮೊದಲಿನ ಬಿರುಕೂ ಇಲ್ಲಿ ಮುಚ್ಚಿಕೊಳ್ಳುತ್ತದೆ: ಆ ಹೆಚ್ಚಿನ ಬಂಧ ಬಿದ್ದದ್ದು ಹೊಡೆಯಲು ಹೊರಟವನಿಗೇ.

ಇದಕ್ಕೆ ಎದುರಾದ ನಿದರ್ಶನ 2004ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆದ ಎವೊ ಪಂದ್ಯಾವಳಿಯಲ್ಲಿ ದೊರೆಯುತ್ತದೆ. ಆಟ 1999ರ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’, ಜಪಾನಿನ ದೈಗೊ ಉಮೆಹಾರ ಅವರ ಪಾತ್ರ ಕೆನ್, ಅಮೆರಿಕದ ಜಸ್ಟಿನ್ ವಾಂಗ್ ಅವರ ಪಾತ್ರ ಚುನ್-ಲಿ. ಕೆನ್‌ನ ಜೀವಪಟ್ಟಿಯಲ್ಲಿ, ಅಂದರೆ ಉಳಿದ ಜೀವಬಲವನ್ನು ತೋರಿಸುವ ಪಟ್ಟಿಯಲ್ಲಿ, ಒಂದು ಗೆರೆಯಷ್ಟು ಮಾತ್ರ ಉಳಿದಿದ್ದಾಗ ಚುನ್-ಲಿ ಹದಿನೈದು ಒದೆತಗಳ ಮಹಾಪ್ರಹಾರವನ್ನು ಹೂಡಿದಳು. ವಿಶೇಷ ಪ್ರಹಾರಗಳನ್ನು ತಡೆದರೂ ಸ್ವಲ್ಪ ಹಾನಿ ಒಳಗಿಳಿಯುವುದರಿಂದ, ಪಾತ್ರವನ್ನು ನಡೆಸುವ ಕೋಲನ್ನು, ಅಂದರೆ ಜಾಯ್‌ಸ್ಟಿಕ್ಕನ್ನು, ಹಿಂದಕ್ಕೆ ಹಿಡಿದು ತಡೆಯುತ್ತ ನಿಂತಿದ್ದರೆ ಕೆನ್‌ನ ಸೋಲು ಖಚಿತವಿತ್ತು. ಉಳಿದ ದಾರಿ ‘ಪ್ಯಾರಿ’ ಒಂದೇ: ಒದೆತ ತಾಗುವ ಹೊತ್ತಿಗೆ ಸರಿಯಾಗಿ ಕೋಲನ್ನು ಎದುರಾಳಿಯ ಕಡೆಗೆ ತಟ್ಟಿದರೆ ಏಟು ಯಾವ ಹಾನಿಯನ್ನೂ ಮಾಡದೆ ಕಳೆದುಹೋಗುತ್ತದೆ, ತಟ್ಟುವ ಹೊತ್ತು ತಪ್ಪಿದರೆ ಪೂರ್ತಿ ಏಟು ಬೀಳುತ್ತದೆ. ಉಮೆಹಾರ ಒಂದೊಂದು ಒದೆತಕ್ಕೂ ತಟ್ಟಿದರು, ಕೊನೆಯದನ್ನು ನೆಗೆದು ಗಾಳಿಯಲ್ಲಿ ಕಳೆದರು, ಇಳಿಯುತ್ತ ಹೊಡೆದು ಆ ಸುತ್ತನ್ನು ಗೆದ್ದರು. ಜೈನರು ಕರ್ಮದ ಒಳಹರಿವನ್ನು ತಡೆಯುವುದಕ್ಕೆ ‘ಸಂವರ’ ಎನ್ನುತ್ತಾರೆ. ಅದಲ್ಲದೆ ಕಷಾಯ ಕಳೆದವನಿಗೆ ಬರುವ ಕರ್ಮ ನಿಲ್ಲದೆ ಬಂದ ಕ್ಷಣದಲ್ಲೇ ಕಳಚಿಹೋಗುವುದನ್ನು ‘ಈರ್ಯಾಪಥ’ವೆಂದು ಬೇರೆಯಾಗಿ ಹೆಸರಿಸುತ್ತಾರೆ. ಒದ್ದೆ ಗೋಡೆಗೆ ಬಿದ್ದ ದೂಳು ಅಂಟುತ್ತದೆ, ಒಣ ಗೋಡೆಗೆ ಬಿದ್ದದ್ದು ಉದುರುತ್ತದೆ. ತಡೆಯುವುದು ಸಂವರದ ಹಾಗಾದರೆ ಪ್ಯಾರಿ ಈರ್ಯಾಪಥದ ಹಾಗೆ. ಏಟು ಬಂದದ್ದು ನಿಜ, ಅಂಟಲು ಮಾತ್ರ ಅದಕ್ಕೆ ತೇವ ಸಿಗಲಿಲ್ಲ. ಗೆಲ್ಲಲು ಕುಳಿತ ಆಟಗಾರ ವೀತರಾಗನಲ್ಲ, ಅವನ ಒಳಗನ್ನು ಹೊರಗಿನವರು ಅಳೆಯುವಂತೆಯೂ ಇಲ್ಲ. ಆದರೆ ಹದಿನೈದು ಬಾರಿ ಎದುರಾದ ಏಟಿನ ಕಡೆಗೇ ಹೆಜ್ಜೆಯಿಡಲು ಕದಡದ ಮನಸ್ಸು ಬೇಕೆಂಬುದನ್ನು ಆ ದೃಶ್ಯ ತೋರಿಸಿಕೊಡುತ್ತದೆ.

ಕೊನೆಯದಾಗಿ ಆಟದಲ್ಲಿ ಸಂಚಿತವಿಲ್ಲ, ಅಂದರೆ ಹಿಂದಿನಿಂದ ಕೂಡಿಟ್ಟುಕೊಂಡು ಬರುವ ಕರ್ಮವಿಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಮೊದಲಾದಾಗ ಜೀವಪಟ್ಟಿಗಳು ಮತ್ತೆ ತುಂಬುತ್ತವೆ, ಹಿಟ್‌ಸ್ಟನ್ನಿನ ಲೆಕ್ಕಗಳು ಅಳಿಯುತ್ತವೆ, ಇಬ್ಬರೂ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತಾರೆ. ಜನ್ಮದಿಂದ ಜನ್ಮಕ್ಕೆ ಸಾಗುವ ಕರ್ಮಕ್ಕೆ ಇಲ್ಲಿ ಹೋಲಿಕೆಯಿಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮೊದಲ ಸುತ್ತನ್ನು ಸಿಟ್ಟಿನಲ್ಲಿ ಸೋತವನು ಎರಡನೆಯ ಸುತ್ತಿಗೆ ತುಂಬಿದ ಜೀವಪಟ್ಟಿಯೊಡನೆ ಅದೇ ಸಿಟ್ಟನ್ನೂ ಹೊತ್ತು ತರುತ್ತಾನೆ, ಮತ್ತೆ ಸರದಿ ಮೀರಿ ಗುಂಡಿ ಒತ್ತುತ್ತಾನೆ, ಮತ್ತೆ ಆ 2 ಫ್ರೇಮ್‌ಗಳ ಹೆಚ್ಚಿನ ಬಂಧವನ್ನು ತಾನೇ ತಂದುಕೊಳ್ಳುತ್ತಾನೆ. ಫಲ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಈ ಪುಟ್ಟ ಲೋಕ ಕೊಡಬಲ್ಲ ಉತ್ತರ ಇಷ್ಟು: ಏಟಿನ ಫಲ ಹದಿಮೂರು ಫ್ರೇಮ್‌ಗಳಲ್ಲಿ ಕಳೆದುಹೋಗುತ್ತದೆ, ಏಟಿಗೆ ಮನಸ್ಸು ಕೊಟ್ಟ ತೇವ ಮುಂದಿನ ಸುತ್ತಿಗೂ ಬರುತ್ತದೆ. ಅದನ್ನು ಒಣಗಿಸಿಕೊಳ್ಳುವ ಕೆಲಸ ಯಾವ ಯಂತ್ರದ ಕೋಷ್ಟಕದಲ್ಲೂ ಇಲ್ಲ. ಗುಂಡಿಯ ಮೇಲೆ ಬೆರಳಿಟ್ಟು, ಇನ್ನೂ ಒತ್ತದೆ ಕುಳಿತವನಿಗೆ ಸೇರಿದ್ದು ಅದು.